ವಿಕ್ರಮವೋ ವಿಕೃತಿಯೋ: ಒಂದು ಲೇಖನ, ಇಬ್ಬರು ಪರಿಶೀಲಕರು, ಒಂದು ತಪ್ಪು ಊಹೆ

ಮುಂಬಯಿಯಿಂದ ವರ್ಷಕ್ಕೆ ಎರಡು ಸಲ ಹೊರಡುವ ಕನ್ನಡ ಸಂಶೋಧನಾ ಪತ್ರಿಕೆಯೊಂದಕ್ಕೆ ನಾನು ಸಂಪಾದಕ. ಒಂದು ಶಾಸನದ ಮೇಲೆ ಬಂದ ಲೇಖನವನ್ನು ನಾನು ತಿರಸ್ಕರಿಸಿದ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ದೊಡ್ಡ ತಪ್ಪು ನನ್ನದು. ಪತ್ರಿಕೆಯ ಹೆಸರನ್ನೂ ಶಾಸನವಿರುವ ಊರಿನ ಹೆಸರನ್ನೂ ಹೇಳುವುದಿಲ್ಲ. ಊರು ಯಾವುದೆಂದು ತಿಳಿದರೆ ಆ ಶಾಸನವನ್ನು ಓದಬಲ್ಲವರು ಯಾರು ಯಾರೆಂದು ಬೆರಳು ಮಡಿಚಿ ಎಣಿಸಬಹುದು. ಎಣಿಕೆ ಒಂದು ಕೈಯಲ್ಲೇ ಮುಗಿಯುತ್ತದೆ. ಆ ಲೇಖನ ಬರೆದ ಲೇಖಕಿಯೂ, ಅದನ್ನು ಓದಿ ಪ್ರಕಟಿಸಬಹುದೇ ಎಂದು ಅಭಿಪ್ರಾಯ ಕೊಟ್ಟ ಇಬ್ಬರು ಪರಿಶೀಲಕರೂ ಈ ಬರಹವನ್ನು ಅಚ್ಚಿಗೆ ಮೊದಲೇ ಓದಿದ್ದಾರೆ. ಪರಿಶೀಲಕರಲ್ಲಿ ಒಬ್ಬರ ಬಗ್ಗೆ ಅವರು ಒಪ್ಪಿದಷ್ಟನ್ನು ಮಾತ್ರ ಬರೆದಿದ್ದೇನೆ. ಗಂಡೋ ಹೆಣ್ಣೋ ಎಂಬುದನ್ನೂ ಬಿಟ್ಟಿದ್ದೇನೆ.

ಲೇಖನ

ಸೊಲ್ಲಾಪುರ, ಕೊಲ್ಹಾಪುರ ಜಿಲ್ಲೆಗಳಲ್ಲಿ ಕನ್ನಡ ಶಾಸನಗಳು ಗುಡಿಯ ಗೋಡೆಗಳಲ್ಲಿ, ಊರ ಹೊರಗಿನ ಕಲ್ಲುಗಳಲ್ಲಿ ಇವತ್ತಿಗೂ ನಿಂತಿವೆ. ಕಲ್ಯಾಣದ ಚಾಲುಕ್ಯರು, ಕೊಲ್ಹಾಪುರದ ಶಿಲಾಹಾರರು, ದೇವಗಿರಿಯ ಸೇವುಣರು ಅಲ್ಲಿ ಕನ್ನಡದಲ್ಲಿ ದಾನಗಳನ್ನು ಬರೆಸಿದ್ದಾರೆ. ಪುಣೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಅಂಥ ಒಂದು ದಾನಶಾಸನದ ಮೇಲೆ 18 ಪುಟಗಳ ಲೇಖನ ಕಳುಹಿಸಿದರು. ಆಕೆಯ ಮನೆಮಾತು ವಿಜಯಪುರದ ಕಡೆಯ ಕನ್ನಡ. ಶಾಲೆ ಕಲಿತದ್ದು ಸೊಲ್ಲಾಪುರದಲ್ಲಿ, ಮರಾಠಿಯಲ್ಲಿ. ಕನ್ನಡದ ಬರಹವನ್ನು ತಾನಾಗಿಯೇ ಕಲಿತ ಹುಡುಗಿ. ವಾಕ್ಯಗಳಲ್ಲಿ ಅಲ್ಲಲ್ಲಿ ಎಡವಟ್ಟಿತ್ತು. ಓದಿನಲ್ಲಿ ಇರಲಿಲ್ಲ.

ಶಾಸನದ ಶಕವರ್ಷದ ಅಂಕಿಗಳು ಸವೆದುಹೋಗಿವೆ. ಸಂವತ್ಸರದ ಹೆಸರಿನಲ್ಲಿ ಮೊದಲ ಎರಡು ಅಕ್ಷರ ಮಾತ್ರ ಉಳಿದಿವೆ. ಅದನ್ನು 30 ವರ್ಷಗಳ ಹಿಂದೆ ನಮ್ಮ ಹಿರಿಯ ವಿದ್ವಾಂಸರೊಬ್ಬರು ‘ವಿಕ್ರಮ’ ಎಂದು ಓದಿದ್ದರು. ಈಕೆ ಹೊಸದಾಗಿ ಪಡಿಯಚ್ಚು (ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಒತ್ತಿ ತೆಗೆಯುವ ಪ್ರತಿ) ತೆಗೆದು, ಕಕಾರದ ಕೆಳಗಿರುವುದು ರಕಾರದ ಒತ್ತಲ್ಲ, ಋಕಾರದ ಬಾಲ, ಆದ್ದರಿಂದ ಅದು ‘ವಿಕೃತಿ’ ಎಂದು ವಾದಿಸಿದ್ದರು. 60 ಸಂವತ್ಸರಗಳ ಚಕ್ರದಲ್ಲಿ ವಿಕ್ರಮ 14ನೆಯದು, ವಿಕೃತಿ 24ನೆಯದು. ನಡುವೆ ಹತ್ತು ವರ್ಷ. ದಾನ ಕೊಟ್ಟ ಸಾಮಂತನ ಹೆಸರು ಆ ಮನೆತನದಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಇದ್ದುದರಿಂದ, ಹತ್ತು ವರ್ಷ ಸರಿದರೆ ದಾನಿಯೇ ಬದಲಾಗುತ್ತಾನೆ. ಒಂದು ಅಕ್ಷರದ ಕೆಳಗಿನ ಗೆರೆ ಒಂದು ಮನೆತನದ ಚರಿತ್ರೆಯನ್ನು ಹಿಂದೆ ಮುಂದೆ ಮಾಡಬಲ್ಲದು. ಈ ವಿದ್ಯೆಯ ಮೇಲೆ ನನಗಿರುವ ಪ್ರೀತಿಗೆ ಇಂಥ ಗೆರೆಗಳೇ ಕಾರಣ.

ನಮ್ಮ ಪತ್ರಿಕೆಯಲ್ಲಿ ಬಹುಕಾಲ ಲೇಖನ ಸಂಪಾದಕರಿಗೆ ಒಪ್ಪಿಗೆಯಾದರೆ ಅಚ್ಚಾಗುತ್ತಿತ್ತು. ತಜ್ಞರ ಪರಿಶೀಲನೆಯನ್ನು ನಾವು ಗಂಭೀರವಾಗಿ ಆರಂಭಿಸಿದ್ದು 2018ರ ಬಳಿಕ. ಆ ವರ್ಷದ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತಾನು ಒಪ್ಪಿದ್ದ ಸಂಶೋಧನಾ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ‘ಕರೆಂಟ್ ಸೈನ್ಸ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದ ಲೇಖನ, ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ ಪತ್ರಿಕೆಗಳಲ್ಲಿ ಪರೀಕ್ಷೆಗೆ ಎತ್ತಿಕೊಂಡ 1,009ರಲ್ಲಿ ಶೇ. 88ಕ್ಕೂ ಹೆಚ್ಚಿನವು ಕಳಪೆ ಗುಣಮಟ್ಟದವು ಎಂದು ತೋರಿಸಿತ್ತು. ಹಣ ಕೊಟ್ಟವರ ಲೇಖನವನ್ನು ನಾಲ್ಕು ದಿನದಲ್ಲಿ ಅಚ್ಚು ಹಾಕುವವರ ಸಾಲಿನಲ್ಲಿ ನಮ್ಮನ್ನು ಯಾರೂ ನಿಲ್ಲಿಸಬಾರದೆಂದು ನಾವು ಬಿಗಿಯಾದ ನಿಯಮ ಹಾಕಿಕೊಂಡೆವು: ಲೇಖಕರು ಯಾರೆಂದು ಪರಿಶೀಲಕರಿಗೆ ಗೊತ್ತಾಗಬಾರದು, ಪರಿಶೀಲಕರು ಯಾರೆಂದು ಲೇಖಕರಿಗೆ ಗೊತ್ತಾಗಬಾರದು. ‘ಡಬಲ್ ಬ್ಲೈಂಡ್’ ಎಂದು ಮುಖಪುಟದ ಒಳಬದಿಯಲ್ಲಿ ಅಚ್ಚು ಹಾಕಿಸಿದೆವು.

ನಾನು ಮಾಡಿದ್ದು

ಲೇಖಕಿಯ ಹೆಸರು ತೆಗೆದು ಲೇಖನವನ್ನು ಇಬ್ಬರಿಗೆ ಕಳುಹಿಸಿದೆ. ಒಬ್ಬರು ಆ ಹಿರಿಯ ವಿದ್ವಾಂಸರೇ. ಯಾರ ಓದನ್ನು ಲೇಖನ ತಿದ್ದುತ್ತಿದೆಯೋ ಅವರಿಗೇ ಕಳುಹಿಸುವುದು ಸರಿಯೇ ಎಂದು ಎರಡು ದಿನ ಯೋಚಿಸಿದೆ. ಆ ಶಾಸನದ ಬಗ್ಗೆ ಬರೆದವರು ಬೇರೆ ಯಾರೂ ಇರಲಿಲ್ಲ. ಇನ್ನೊಬ್ಬರು ಕಿರಿಯರು, ಖಾಯಂ ಕೆಲಸವಿಲ್ಲದೆ ಗೌರವಧನದ ಮೇಲೆ ಪಾಠ ಮಾಡುವವರು, ಅಕ್ಷರಶಾಸ್ತ್ರದಲ್ಲಿ ಪಳಗಿದವರು.

ಹೆಸರು ತೆಗೆದದ್ದರಿಂದ ಏನೂ ಮುಚ್ಚಿರಲಿಲ್ಲ. ‘ನಾನು ಪಡಿಯಚ್ಚು ತೆಗೆದಾಗ ಗೋಡೆಗೆ ಸುಣ್ಣ ಬಳಿದಿದ್ದರು’ ಎಂಬ ವಾಕ್ಯ ಮೂರನೆಯ ಪುಟದಲ್ಲಿತ್ತು. ಆ ವರ್ಷ ಆ ಊರಿಗೆ ಹೋಗಿ ಪಡಿಯಚ್ಚು ತೆಗೆದವರು ಯಾರೆಂಬುದು ಶಾಸನದ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಒಂದು ಚಿತ್ರದ ಕಡತಕ್ಕೆ ಆಕೆಯ ಹೆಸರೇ ಇತ್ತು, ನಾನು ಗಮನಿಸಲಿಲ್ಲ.

ಹಿರಿಯರ ವರದಿ ಮೂರು ವಾರದಲ್ಲಿ ಬಂತು. ಕೈಬರಹದ ನಾಲ್ಕು ಪುಟ. ‘ನಾನು ಅಂದು ಓದಿದ್ದು ಮಸುಕಾದ ಛಾಯಾಚಿತ್ರದಿಂದ ಅಕ್ಷರ ತುಂಬಿಕೊಂಡು, ನನ್ನ ಓದು ತಪ್ಪಿರುವ ಸಾಧ್ಯತೆ ಹೆಚ್ಚು’ ಎಂದು ಎರಡನೆಯ ಸಾಲಿನಲ್ಲೇ ಬರೆದಿದ್ದರು. ಉತ್ತರಾಯಣ ಸಂಕ್ರಾಂತಿ ಸೋಮವಾರ ಎಂದು ಶಾಸನ ಹೇಳುತ್ತದೆ. ಎರಡೂ ವರ್ಷಗಳಿಗೆ ವಾರ ಹೊಂದಿಸಿ ನೋಡಿದರೆ ವಾದ ಗಟ್ಟಿಯಾಗುತ್ತದೆ ಎಂದು ದಾರಿಯನ್ನೂ ತೋರಿಸಿದ್ದರು. ಕಿರಿಯರ ವರದಿ ಆರು ಪುಟ, ತುಂಬ ಕಟುವಾಗಿತ್ತು. ‘ಲೇಖಕರಿಗೆ ಲಿಪಿಯ ಮೂಲಪಾಠವೇ ಆಗಿಲ್ಲ’, ‘ಹಿರಿಯರ ಓದನ್ನು ಅಲ್ಲಗಳೆಯುವ ಮೊದಲು ಅವರ ನಾಲ್ಕು ಲೇಖನಗಳನ್ನು ಓದಿಕೊಳ್ಳಲಿ’ ಎಂದೆಲ್ಲ ಇತ್ತು. ನಡುವೆ ಒಂದು ನ್ಯಾಯವಾದ ಬೇಡಿಕೆಯೂ ಇತ್ತು: ವಿವಾದದ ಅಕ್ಷರದ ಒಂದೂ ಹತ್ತಿರದ ಚಿತ್ರವಿಲ್ಲ, ಓರೆಬೆಳಕಿನಲ್ಲಿ ತೆಗೆದ ಚಿತ್ರವಿಲ್ಲದೆ ಒತ್ತಕ್ಷರವೋ ಗುಣಿತವೋ ಎಂದು ತೀರ್ಮಾನಿಸುವಂತಿಲ್ಲ.

ಒಬ್ಬರು ಹೌದೆಂದರು, ಒಬ್ಬರು ಬೇಡವೆಂದರು. ಮೂರನೆಯವರಿಗೆ ಕಳುಹಿಸಬೇಕಿತ್ತು. ಅದಕ್ಕೆ ಮೂರು ತಿಂಗಳಾಗುತ್ತಿತ್ತು, ಸಂಚಿಕೆಯ ಪುಟಗಳು ತುಂಬಿದ್ದವು, ಕಟುವಾದ ವರದಿಯ ಧೈರ್ಯದ ದನಿ ನನ್ನ ಮೇಲೆ ಪರಿಣಾಮ ಮಾಡಿತ್ತು. ಲೇಖನವನ್ನು ತಿರಸ್ಕರಿಸಿದೆ. ಕಿರಿಯರ ವರದಿಯನ್ನು ಇಡಿಯಾಗಿ ಲಗತ್ತಿಸಿದೆ. ಹಿರಿಯರ ವರದಿಯನ್ನು ಲಗತ್ತಿಸಲಿಲ್ಲ. ‘ನನ್ನ ಓದು ತಪ್ಪಿರಬಹುದು’ ಎಂಬ ಸಾಲನ್ನು ಕಳುಹಿಸಿದರೆ ಬರೆದವರು ಯಾರೆಂದು ಮಗುವಿಗೂ ತಿಳಿಯುತ್ತದೆ. ಆ ಸಾಲನ್ನು ತೆಗೆದರೆ ವರದಿಯ ಜೀವವೇ ಹೋಗುತ್ತದೆ. ಗೋಪ್ಯತೆ ಕಾಪಾಡುತ್ತಿದ್ದೇನೆಂದು ನಂಬಿಕೊಂಡು, ‘ಇನ್ನೊಬ್ಬ ಪರಿಶೀಲಕರು ಕೆಲವು ಸಲಹೆ ನೀಡಿದ್ದಾರೆ’ ಎಂದು ಒಂದು ಸಾಲು ಬರೆದೆ. ಲೇಖಕಿಯ ಪರವಾಗಿದ್ದ ಅತಿ ದೊಡ್ಡ ಸಾಕ್ಷ್ಯವನ್ನು ನಾನು ಮೇಜಿನ ಖಾನೆಯಲ್ಲಿಟ್ಟು ಮುಚ್ಚಿದೆ.

ಪತ್ರದ ಮುಖ್ಯ ವಾಕ್ಯ ಹೀಗಿತ್ತು: ‘ಪರಿಶೀಲಕರ ಅಭಿಪ್ರಾಯವನ್ನು ಆಧರಿಸಿ ತಮ್ಮ ಲೇಖನವನ್ನು ಪ್ರಕಟಿಸಲಾಗುತ್ತಿಲ್ಲ.’ ಕರ್ಮಣಿ ಪ್ರಯೋಗ. ಪ್ರಕಟಿಸದಿರುವವರು ಯಾರು ಎಂಬುದು ಆ ವಾಕ್ಯದಲ್ಲಿ ಇಲ್ಲ.

ಊಹೆ

ಹೆಸರಿಲ್ಲದ ವರದಿ ಕೈಗೆ ಬಂದರೆ ಯಾರೂ ಸುಮ್ಮನಿರುವುದಿಲ್ಲ. ಪದಗಳನ್ನು ಹಿಡಿದು, ಯಾರ ಲೇಖನವನ್ನು ಉಲ್ಲೇಖಿಸಿದ್ದಾರೆಂದು ನೋಡಿ, ಬರೆದವರನ್ನು ಹುಡುಕುತ್ತಾರೆ. ವರದಿಯಲ್ಲಿ ಹಿರಿಯರ ಲೇಖನಗಳ ಹೆಸರು ನಾಲ್ಕು ಸಲ ಬಂದಿತ್ತು. ಆಕೆ ತೀರ್ಮಾನಿಸಿದರು: ತನ್ನ ಓದನ್ನು ಹುಡುಗಿಯೊಬ್ಬಳು ತಿದ್ದಿದ್ದನ್ನು ಸಹಿಸದೆ ಹಿರಿಯರೇ ಬರೆದಿದ್ದಾರೆ. ಪುಣೆಯ ಗೆಳತಿಯರಿಗೆ ಹೇಳಿದರು. ಮಾತು ಸೊಲ್ಲಾಪುರಕ್ಕೆ ಹೋಯಿತು, ಅಲ್ಲಿಂದ ಧಾರವಾಡಕ್ಕೆ. ಎರಡು ತಿಂಗಳ ಬಳಿಕ ಒಂದು ವಿಚಾರಸಂಕಿರಣದಲ್ಲಿ ಹಿರಿಯರು ಎದುರಿಗೆ ಬಂದಾಗ ಆಕೆ ಮುಖ ತಿರುಗಿಸಿ ಹೋದರು.

ಹಿರಿಯರು ಅಂದು ರಾತ್ರಿ ನನಗೆ ಫೋನ್ ಮಾಡಿದರು. ಅವರಿಗೆ ವಯಸ್ಸು ಎಪ್ಪತ್ತು ದಾಟಿದೆ. ‘ನನ್ನ ಜೀವಮಾನದಲ್ಲಿ ನನ್ನ ತಪ್ಪೊಂದನ್ನು ಇಷ್ಟು ಚೆನ್ನಾಗಿ ಯಾರೂ ತೋರಿಸಿರಲಿಲ್ಲ. ಹಾಗೆಂದೇ ಬರೆದು ಕಳುಹಿಸಿದೆನಲ್ಲಾ? ಆ ಹುಡುಗಿ ನನ್ನ ನಮಸ್ಕಾರವನ್ನೂ ತೆಗೆದುಕೊಳ್ಳಲಿಲ್ಲ’ ಎಂದರು. ನಾನು ಉತ್ತರಿಸಲಾಗದೆ ಕುಳಿತೆ. ‘ನಾನೇ ಅವಳಿಗೆ ಹೇಳಿಬಿಡಲೇ?’ ಎಂದು ಕೇಳಿದರು. ಬೇಡವೆಂದೆ. ಇವರು ಹೊರಗೆ ಬಂದರೆ, ಕಟುವಾಗಿ ಬರೆದವರು ಇವರಲ್ಲ ಎಂದಾಗುತ್ತದೆ. ಉಳಿಯುವವರು ಎಷ್ಟು ಮಂದಿ? ಒಂದು ಕೈಯ ಬೆರಳಲ್ಲಿ ಒಂದು ಮಡಿಚಿದಂತಾಯಿತು. ಕೆಲಸ ಖಾಯಂ ಆಗದ ಕಿರಿಯರ ಮೇಲೆ ಆ ಭಾರ ಬೀಳುತ್ತಿತ್ತು.

ಹೀಗೆ ಮೂವರೂ ನೊಂದರು. ಲೇಖಕಿ ತಪ್ಪಾದ ವ್ಯಕ್ತಿಯನ್ನು ದ್ವೇಷಿಸಿದರು, ಹಿರಿಯರು ಮಾಡದ ತಪ್ಪಿಗೆ ತಲೆ ತಗ್ಗಿಸಿದರು, ಕಿರಿಯರು ಯಾವಾಗ ಹೆಸರು ಹೊರಬೀಳುವುದೋ ಎಂದು ಹೆದರಿದರು. ಎಲ್ಲವನ್ನೂ ತಿಳಿದಿದ್ದ ನನ್ನ ಮೇಲೆ ಮಾತ್ರ ಯಾರಿಗೂ ಸಿಟ್ಟಿರಲಿಲ್ಲ. ಅದು ನನ್ನನ್ನು ಬಹಳ ದಿನ ನಿದ್ದೆಗೆಡಿಸಿತು.

ಮಾಟುಂಗಾದ ಸಭೆ

ಸಂಪಾದಕ ಮಂಡಳಿಯನ್ನು ಒಂದು ಭಾನುವಾರ ಮಾಟುಂಗಾದಲ್ಲಿ ಸೇರಿಸಿದೆ. ನಾಲ್ವರು: ನಿವೃತ್ತ ಭೌತಶಾಸ್ತ್ರ ಪ್ರಾಧ್ಯಾಪಕರು, ಬ್ಯಾಂಕಿನಿಂದ ನಿವೃತ್ತರಾಗಿ ಇಪ್ಪತ್ತು ವರ್ಷದಿಂದ ಪತ್ರಿಕೆಯ ಲೆಕ್ಕ ನೋಡುವವರು, ಡೊಂಬಿವಲಿಯ ಕಾಲೇಜು ಅಧ್ಯಾಪಕಿ, ನಾನು. ಮಾತು ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಮಧ್ಯಾಹ್ನ ಮೂರರವರೆಗೆ ನಡೆಯಿತು. ಮೂರು ಸಲ ಕಾಫಿ ಬಂತು.

ಲೆಕ್ಕ ನೋಡುವವರ ನಿಲುವು ನೇರವಾಗಿತ್ತು. ‘ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸಿದರೆ ಕೆಳಗೆ ನನ್ನ ಸಹಿ ಇರುತ್ತಿತ್ತು. ಹೆಸರು ಹಾಕಲು ಹೆದರುವವರು ಇನ್ನೊಬ್ಬರ ಕೆಲಸವನ್ನು ಏಕೆ ಅಳೆಯಬೇಕು? ಎಲ್ಲರ ಹೆಸರನ್ನೂ ಹಾಕಿ.’ ಬ್ರಿಟಿಷ್ ಮೆಡಿಕಲ್ ಜರ್ನಲ್ 1999ರಿಂದ ಪರಿಶೀಲಕರ ಹೆಸರನ್ನು ಲೇಖಕರಿಗೆ ತಿಳಿಸುತ್ತಿರುವುದು ಅವರಿಗೆ ಗೊತ್ತಿತ್ತು. ಅದಕ್ಕೆ ಮುನ್ನ ಆ ಪತ್ರಿಕೆ ಮಾಡಿದ ಪ್ರಯೋಗವನ್ನು ಅಧ್ಯಾಪಕಿ ನೆನಪಿಸಿದರು. ಹೆಸರು ತಿಳಿಸಲಾಗುತ್ತದೆ ಎಂದು ಹೇಳಿದ್ದರಿಂದ ವರದಿಯ ಗುಣಮಟ್ಟ ಏರಲೂ ಇಲ್ಲ, ಇಳಿಯಲೂ ಇಲ್ಲ. ಒಲ್ಲೆನೆಂದವರ ಸಂಖ್ಯೆ ಮಾತ್ರ ಹೆಚ್ಚಿತು. ‘ಅವರಿಗೆ ಸಾವಿರಾರು ವೈದ್ಯರಿದ್ದಾರೆ, ಒಬ್ಬರು ಒಲ್ಲೆನೆಂದರೆ ಇನ್ನೊಬ್ಬರು. ನಮಗೆ ಹಳಗನ್ನಡ ಲಿಪಿ ಓದುವವರು ಎಷ್ಟಿದ್ದಾರೆ, ಸರ್?’ ಎಂದು ಆಕೆ ಕೇಳಿದರು. ಬಳಿಕ ದನಿ ತಗ್ಗಿಸಿ, ‘ನಾನೂ ಹನ್ನೊಂದು ವರ್ಷ ಗೌರವಧನದ ಮೇಲೆ ಇದ್ದವಳು. ಆಗ ಹೆಸರು ಹಾಕಬೇಕಾಗಿದ್ದರೆ ಯಾರ ಲೇಖನವನ್ನೂ ಬೇಡವೆಂದು ಬರೆಯುವ ಧೈರ್ಯ ನನಗಿರಲಿಲ್ಲ’ ಎಂದರು.

ಪ್ರಾಧ್ಯಾಪಕರು ಐನ್‌ಸ್ಟೈನರ ಪ್ರಸಂಗ ಹೇಳಿದರು. 1936ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ಗುರುತ್ವ ತರಂಗಗಳು ಇಲ್ಲವೆಂದು ವಾದಿಸುವ ಲೇಖನವನ್ನು ‘ಫಿಸಿಕಲ್ ರಿವ್ಯೂ’ಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ತೋರಿಸಿ, ತಪ್ಪು ಹುಡುಕಿದ ಹತ್ತು ಪುಟದ ವರದಿಯನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಅಚ್ಚಾಗುವ ಮೊದಲೇ ಇನ್ನೊಬ್ಬರಿಗೆ ತೋರಿಸಲು ತಾನು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಐನ್‌ಸ್ಟೈನ್ ಸಿಟ್ಟಾಗಿ ಲೇಖನವನ್ನು ಹಿಂದಕ್ಕೆ ಪಡೆದರು. ಆ ತಜ್ಞ ಎಚ್. ಪಿ. ರಾಬರ್ಟ್‌ಸನ್. ಅವರು ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನರ ಸಹಾಯಕ ಇನ್‌ಫೆಲ್ಡ್‌ರ ಗೆಳೆತನ ಮಾಡಿಕೊಂಡು, ವರದಿ ತನ್ನದೆಂದು ಹೇಳದೆಯೇ ಅದೇ ತಪ್ಪನ್ನು ಮಾತುಕತೆಯಲ್ಲಿ ತೋರಿಸಿಕೊಟ್ಟರು. 1937ರಲ್ಲಿ ಲೇಖನ ಬೇರೆ ಪತ್ರಿಕೆಯಲ್ಲಿ, ತಿದ್ದಿದ ತೀರ್ಮಾನದೊಂದಿಗೆ ಬಂತು. ರಾಬರ್ಟ್‌ಸನ್ ಹೆಸರು ಹೊರಬಿದ್ದದ್ದು 2005ರಲ್ಲಿ. ‘ನೋಡಿ, ಹೆಸರು ಮುಚ್ಚಿದ್ದರೂ ಸತ್ಯ ದಾಟಿಹೋಯಿತು’ ಎಂದು ಪ್ರಾಧ್ಯಾಪಕರು ಮುಗಿಸಿದರು.

ಆ ಮಾತು ನನ್ನೊಳಗೆ ಏನನ್ನೋ ಕದಲಿಸಿತು. ಟೇಟ್ ವರದಿಯನ್ನು ಇಡಿಯಾಗಿ ಕಳುಹಿಸಿದ್ದರು. ನಾನು ಕಳುಹಿಸಲಿಲ್ಲ. ನಾವು ಅಷ್ಟು ಹೊತ್ತು ಹೆಸರಿನ ಬಗ್ಗೆ ವಾದಿಸುತ್ತಿದ್ದೆವು; ಕಳೆದುಹೋದದ್ದು ಹೆಸರಲ್ಲ, ನಾಲ್ಕು ಪುಟದ ವರದಿ.

ಅಲ್ಲಿಂದ ಚರ್ಚೆಯ ದಿಕ್ಕು ಬದಲಾಯಿತು. ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೆವು. ಲೇಖಕರ ಹೆಸರನ್ನು ಮುಚ್ಚುವುದು ಕೀರ್ತಿಯ ಪ್ರಭಾವ ತಡೆಯಲಿಕ್ಕೆ. ಅದು ಎಷ್ಟು ಬಲವಾದ ಪ್ರಭಾವ ಎಂಬುದಕ್ಕೆ 2022ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ವರ್ನನ್ ಸ್ಮಿತ್ ಮತ್ತು ಅಷ್ಟೇನೂ ಹೆಸರಾಗದ ಕಿರಿಯ ಸಂಶೋಧಕರೊಬ್ಬರು ಸೇರಿ ಬರೆದ ಒಂದೇ ಲೇಖನವನ್ನು ಬೇರೆ ಬೇರೆ ಪರಿಶೀಲಕರಿಗೆ ಕಳುಹಿಸಲಾಯಿತು. ಸ್ಮಿತ್ ಹೆಸರು ಕಂಡವರಲ್ಲಿ ಶೇ. 23 ಮಂದಿ ತಿರಸ್ಕರಿಸಿ ಎಂದರು; ಹೆಸರೇ ಇಲ್ಲದಾಗ ಶೇ. 48, ಕಿರಿಯರ ಹೆಸರು ಮಾತ್ರ ಕಂಡಾಗ ಶೇ. 65. ಸೊಲ್ಲಾಪುರದ ಮರಾಠಿ ಶಾಲೆಯಿಂದ ಬಂದ ಹುಡುಗಿಗೆ ಈ ಮುಸುಕು ಬೇಕೇಬೇಕು. ಪರಿಶೀಲಕರ ಹೆಸರನ್ನು ಮುಚ್ಚುವುದು ಅಧಿಕಾರದ ಭಯ ತಡೆಯಲಿಕ್ಕೆ. ಅದೂ ಬೇಕು, ಅಗತ್ಯವಿರುವವರಿಗೆ. ಮೂರನೆಯದು ವರದಿಯ ಮಾತನ್ನೇ ಮುಚ್ಚುವುದು. ಅದರಿಂದ ರಕ್ಷಣೆ ಸಿಕ್ಕಿದ್ದು ನನಗೊಬ್ಬನಿಗೆ.

ವರದಿಗಳನ್ನು ಪ್ರಕಟಿಸಿದರೆ ಪರಿಶೀಲಕರು ಸಿಗುವುದಿಲ್ಲವೆಂಬ ಹೆದರಿಕೆ ಅಧ್ಯಾಪಕಿಗೆ ಇತ್ತು. ಅದಕ್ಕೂ ಉತ್ತರವಿದೆ. ಜೀವವಿಜ್ಞಾನದ ‘ಎಂಬೋ ಜರ್ನಲ್’ 2009ರಿಂದಲೇ ವರದಿಗಳನ್ನು ಲೇಖನದ ಜತೆ ಪ್ರಕಟಿಸುತ್ತಿದೆ. ದೊಡ್ಡ ಪ್ರಕಾಶನವೊಂದರ ಐದು ಪತ್ರಿಕೆಗಳು ಹೀಗೆ ಮಾಡಿದಾಗ ಪರಿಶೀಲಕರ ಒಪ್ಪಿಗೆಯಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ, ಆದರೆ ಹೆಸರು ಹಾಕಲು ಒಪ್ಪಿದವರು ಶೇ. 8.1 ಮಾತ್ರ ಎಂದು 2019ರ ಅಧ್ಯಯನ ಹೇಳುತ್ತದೆ. ವಿಜ್ಞಾನ ಪತ್ರಿಕೆ ‘ನೇಚರ್’ 2025ರ ಜೂನ್‌ನಿಂದ ಹೊಸದಾಗಿ ಬರುವ ಸಂಶೋಧನಾ ಲೇಖನಗಳಿಗೆ ಇದನ್ನೇ ನಿಯಮ ಮಾಡಿದೆ. ಹೆಸರು ಹಾಕುವುದು ಪರಿಶೀಲಕರ ಇಷ್ಟ. ವರದಿಗಳಲ್ಲಿ ಅವಹೇಳನ, ಮಾನಹಾನಿ ಇಲ್ಲದಿದ್ದರೆ ಅವನ್ನು ಲೇಖಕರಿಗೆ ಪೂರ್ತಿ ಕಳುಹಿಸಬೇಕೆಂದು ಪ್ರಕಾಶನ ನೀತಿಯ ಅಂತರರಾಷ್ಟ್ರೀಯ ಸಮಿತಿಯಾದ ‘ಕೋಪ್’ ಸಂಪಾದಕರಿಗೆ ಹೇಳಿದೆ. ಅದನ್ನು ನಾನು ಓದಿದ್ದೆ. ಓದಿಯೂ ಮಾಡಲಿಲ್ಲ.

ಆನಂತರ

ಇಬ್ಬರು ಪರಿಶೀಲಕರಿಗೂ ಪತ್ರ ಬರೆದು, ವರದಿಯನ್ನು ಲೇಖಕಿಗೆ ಪೂರ್ತಿ ಕೊಡಬಹುದೇ, ಹೆಸರು ಹಾಕಬಹುದೇ ಎಂದು ಕೇಳಿದೆ. ಹಿರಿಯರು ಎರಡಕ್ಕೂ ಮರುದಿನವೇ ಒಪ್ಪಿದರು. ಕಿರಿಯರು ಯೋಚಿಸಲು ಹದಿನೈದು ದಿನ ಕೇಳಿದರು. ಬಳಿಕ, ವರದಿ ಕೊಡಿ, ಹೆಸರು ಬೇಡ, ಎರಡು ವಾಕ್ಯಗಳನ್ನು ನಾನೇ ತೆಗೆಯುತ್ತೇನೆ ಎಂದರು. ತೆಗೆದದ್ದು ಲಿಪಿಯ ಮೂಲಪಾಠದ ವಾಕ್ಯ ಮತ್ತು ಹಿರಿಯರನ್ನು ಓದಿಕೊಳ್ಳಲಿ ಎಂಬ ವಾಕ್ಯ. ಹೆಸರು ಹಾಕದಿರುವುದು ಹೇಡಿತನವೆಂದು ನನಗೆ ಅನಿಸಲಿಲ್ಲ, ಇವತ್ತಿಗೂ ಅನಿಸುವುದಿಲ್ಲ. ಆ ವಾಕ್ಯಗಳು ಇನ್ನೊಬ್ಬರು ಓದುವಂಥವಲ್ಲ ಎಂದು ತಾವೇ ಕಂಡುಕೊಂಡರು; ನಮಗೆ ಬೇಕಾದದ್ದು ಅಷ್ಟೇ.

ಲೇಖಕಿಗೆ ನಾನು ಬರೆದ ಪತ್ರದಲ್ಲಿ ‘ತಿರಸ್ಕರಿಸಿದವನು ನಾನು’ ಎಂದು ಮೊದಲ ವಾಕ್ಯದಲ್ಲೇ ಬರೆದೆ. ವರದಿಗಳು ಒಂದಕ್ಕೊಂದು ವಿರುದ್ಧವಾಗಿದ್ದವು, ಮೂರನೆಯವರನ್ನು ಕೇಳದೆ ಅವಸರ ಮಾಡಿದೆ, ನಿಮ್ಮ ಪರವಾದ ವರದಿಯನ್ನು ತಡೆಹಿಡಿದೆ ಎಂದು ಒಂದೊಂದನ್ನೂ ಬರೆದೆ. ಆಕೆ ಉತ್ತರಿಸಲಿಲ್ಲ. ಒಂದು ವಾರದ ಮೇಲೆ ಬೆಳಗಿನ ಡೆಕ್ಕನ್ ಕ್ವೀನ್ ರೈಲಿನಲ್ಲಿ ದಾದರಿಗೆ ಬಂದಿಳಿದು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತರು. ಹಿರಿಯರ ಕೈಬರಹದ ಪ್ರತಿ ಅವರ ಕೈಯಲ್ಲಿತ್ತು, ಮಡಿಕೆಯಲ್ಲಿ ಸವೆದಿತ್ತು. ‘ಸರ್, ಇದನ್ನು ನೀವು ಆಗಲೇ ಕಳುಹಿಸಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಊರೆಲ್ಲ ಅವರ ಹೆಸರು ಕೆಡಿಸಿಬಂದೆ’ ಎಂದು ಅತ್ತರು. ನನ್ನ ಬಳಿ ಕ್ಷಮೆ ಕೇಳುವುದರ ಹೊರತು ಬೇರೆ ಮಾತಿರಲಿಲ್ಲ. ಹಿರಿಯರ ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆಯಿಂದ ಕೊಟ್ಟೆ. ಅವರಿಬ್ಬರ ನಡುವೆ ಏನು ಮಾತಾಯಿತೆಂದು ಇಬ್ಬರನ್ನೂ ನಾನು ಕೇಳಿಲ್ಲ. ಮಾತು ಕೆಡಿಸಿದ್ದು ಮಾತ್ರ ಪೂರ್ತಿ ಸರಿಯಾಗಿಲ್ಲ. ಧಾರವಾಡದ ಒಬ್ಬಿಬ್ಬರು ಈಗಲೂ ಹಳೆಯ ಕಥೆಯನ್ನೇ ಹೇಳುತ್ತಾರೆ.

ಆಕೆ ಮತ್ತೆ ಆ ಊರಿಗೆ ಹೋಗಿ, ರಾತ್ರಿ ಹೊತ್ತಿನಲ್ಲಿ ಕಲ್ಲಿನ ಪಕ್ಕಕ್ಕೆ ಟಾರ್ಚ್ ಹಿಡಿಸಿ ಓರೆಬೆಳಕಿನಲ್ಲಿ ಹನ್ನೆರಡು ಚಿತ್ರ ತೆಗೆದರು. ಕಕಾರದ ಕೆಳಗಿನ ಗೆರೆಯ ಅರ್ಧ ಭಾಗ ಕಲ್ಲಿನ ಬಿರುಕು ಎಂದು ತಿಳಿಯಿತು. ಉಳಿದ ಅರ್ಧ ಉಳಿಯ ಗೆರೆ, ಅದು ಋಕಾರದ ಬಾಲದಂತೆ ಬಲಕ್ಕೆ ತಿರುಗುತ್ತದೆ. ಪಂಚಾಂಗದ ಗಣಿತ ಬಲ್ಲ ಮೂರನೆಯ ಪರಿಶೀಲಕರು ವಾರ ಹೊಂದಿಸಿದರು: ವಿಕೃತಿಯಲ್ಲಿ ಸಂಕ್ರಾಂತಿ ಸೋಮವಾರ ಬರುತ್ತದೆ, ವಿಕ್ರಮದಲ್ಲಿ ಬುಧವಾರ. ಶಾಸನಗಳಲ್ಲಿ ವಾರ ತಪ್ಪುವುದು ಅಪರೂಪವಲ್ಲವಾದ್ದರಿಂದ ಅದೊಂದೇ ಸಾಲದು ಎಂದೂ ಅವರು ಎಚ್ಚರಿಸಿದರು. ಕಟುವಾದ ವರದಿ ಚಿತ್ರ ಕೇಳದಿದ್ದರೆ ಬಿರುಕು ಯಾವುದು ಉಳಿಯ ಗೆರೆ ಯಾವುದು ಎಂದು ಯಾರೂ ಬೇರ್ಪಡಿಸುತ್ತಿರಲಿಲ್ಲ. ಲೇಖನ ಅಚ್ಚಾಯಿತು. ಅದರ ಹಿಂದೆ ಮೂರು ವರದಿಗಳು: ಎರಡಕ್ಕೆ ಹೆಸರಿದೆ, ಒಂದಕ್ಕೆ ಇಲ್ಲ. ಅವುಗಳ ಕೆಳಗೆ ಪ್ರಕಟಿಸಲು ಕಾರಣವೇನೆಂಬ ಒಂದು ಪುಟದ ಟಿಪ್ಪಣಿ, ನನ್ನ ಸಹಿಯೊಂದಿಗೆ. ತಿರಸ್ಕರಿಸಿದ ಲೇಖನಗಳ ವರದಿಗಳನ್ನು ಅಚ್ಚು ಹಾಕುವುದಿಲ್ಲ. ಲೇಖಕರಿಗೆ ಪೂರ್ತಿ ಕೊಡುತ್ತೇವೆ, ತಿರಸ್ಕಾರದ ಪತ್ರ ಈಗ ‘ನಾನು’ ಎಂದು ಆರಂಭವಾಗುತ್ತದೆ.

ಕಳೆದ ತಿಂಗಳು ಆಕೆಯ ಎರಡನೆಯ ಲೇಖನ ಬಂತು, ಇನ್ನೊಂದು ಊರಿನ ಕಲ್ಲಿನ ಮೇಲೆ. ಚಿತ್ರದ ಕಡತಗಳಿಗೆ ಈ ಸಲ ಅಂಕಿಗಳನ್ನು ಮಾತ್ರ ಕೊಟ್ಟಿದ್ದಾರೆ. ಜತೆಗಿದ್ದ ಪತ್ರದಲ್ಲಿ ಹೀಗೆ ಬರೆದಿದ್ದಾರೆ: ‘ಹಿಂದಿನ ಸಲ ಹೆಸರು ಹಾಕದ ಪರಿಶೀಲಕರಿಗೆ ಸಾಧ್ಯವಾದರೆ ಇದನ್ನೂ ತೋರಿಸಿ. ಅವರು ಕೇಳುವ ಚಿತ್ರಗಳನ್ನು ಮೊದಲೇ ತೆಗೆದಿಟ್ಟಿದ್ದೇನೆ.’ ತೋರಿಸಿದೆನೋ ಇಲ್ಲವೋ ಎಂಬುದನ್ನು ನಾನು ಇಲ್ಲಿ ಬರೆಯುವಂತಿಲ್ಲ.